ಹಳೇದು ತಂದೀರೇನು?

ಲಾರಿಯ ಬಿಡಿಭಾಗಗಳನ್ನು ಮಾರುವ ಅಂಗಡಿಯಲ್ಲಿ ಬೆಲೆಯ ಮಾತಿಗಿಂತ ಮೊದಲು ಬರುವ ಪ್ರಶ್ನೆ ಒಂದಿದೆ. ಅಕ್ಕಲಕೋಟೆಯಲ್ಲಿ ಅದು ‘ಹಳೇದು ತಂದೀರೇನು?’ ಎಂದಿರುತ್ತದೆ. ಸೋಲಾಪುರಕ್ಕೆ ಹೋದರೆ ‘ಜುನಾ ಆಣ್ಲಾ ಕಾ?’ ಎಂದಾಗುತ್ತದೆ. ಕಲಬುರಗಿಯ ದಖನಿಯಲ್ಲಿ ‘ಪುರಾನಾ ಲಾಯೇ ಕ್ಯಾ?’ ಎಂದು ಕೇಳುತ್ತಾರೆ. ನುಡಿ ಬೇರೆಯಾದರೂ ತಿರುಳು ಒಂದೇ. ಗಿರಾಕಿ ಹೇಳುವ ಹೆಸರಿನ ಮೇಲೆ ಅಂಗಡಿಯವನಿಗೆ ಪೂರ್ತಿ ಭರವಸೆಯಿಲ್ಲ. ಸವೆದ ವಸ್ತುವನ್ನು ಕೌಂಟರಿನ ಮೇಲೆ ಇಟ್ಟಾಗಲೇ ವ್ಯವಹಾರ ಮುಂದುವರಿಯುತ್ತದೆ. ಹೊಸ ಗಾಡಿಗಳ ಮಟ್ಟಿಗೆ ಈ ಪ್ರಶ್ನೆ ಬರಿಯ ರೂಢಿಯೆನಿಸಬಹುದು. ಹಳೆಯ ಗಾಡಿಗಳ ಮಟ್ಟಿಗೆ ಅದು ಅನುಭವದಿಂದ ಹುಟ್ಟಿದ ಎಚ್ಚರ.

ಗಾಡಿಯ ಭಾಗಗಳಲ್ಲಿ ಈ ಎಚ್ಚರವನ್ನು ಹೆಚ್ಚಾಗಿ ಬೇಡುವುದು ಕ್ಲಚ್ಚು. ಎಂಜಿನ್ನಿನ ಹಿಂಬದಿಯಲ್ಲಿ ಬೀಡಿನಿಂದ ಮಾಡಿದ ಭಾರವಾದ ಗಾಲಿಯೊಂದಿದೆ; ಅದು ಫ್ಲೈವೀಲ್. ಗಿಯರ್‌ಬಾಕ್ಸಿನಿಂದ ಮುಂದಕ್ಕೆ ಚಾಚಿದ ಹಲ್ಲುಗಳುಳ್ಳ ಶಾಫ್ಟಿನ ಮೇಲೆ ಕ್ಲಚ್ ಪ್ಲೇಟು ಕುಳಿತಿರುತ್ತದೆ. ಪ್ಲೇಟಿನ ಎರಡೂ ಮೈಗೆ ರಿವೆಟ್ ಹೊಡೆದ ಲೈನಿಂಗ್ ಇರುತ್ತದೆ. ಹಿಂದೆ ಅದನ್ನು ಕಲ್ನಾರಿನಿಂದ ಮಾಡುತ್ತಿದ್ದರು. ಅದರ ಧೂಳು ಪುಪ್ಪುಸಕ್ಕೆ ಕೇಡೆಂದು ತಿಳಿದ ಮೇಲೆ ಬೇರೆ ನಾರುಗಳು ಬಂದಿವೆ. ಪ್ರೆಶರ್ ಪ್ಲೇಟು ತನ್ನ ಸ್ಪ್ರಿಂಗುಗಳ ಬಲದಿಂದ ಈ ಪ್ಲೇಟನ್ನು ಫ್ಲೈವೀಲಿಗೆ ಅದುಮಿ ಹಿಡಿಯುತ್ತದೆ. ಆಗ ಎಂಜಿನ್ನಿನ ತಿರುಗು ಗಿಯರ್‌ಬಾಕ್ಸಿಗೆ ದಾಟಿ, ಅಲ್ಲಿಂದ ಹಿಂದಿನ ಗಾಲಿಗಳಿಗೆ ಹೋಗುತ್ತದೆ. ಚಾಲಕನು ಪೆಡಲ್ ತುಳಿದಾಗ ರಿಲೀಸ್ ಬೇರಿಂಗು ಮುಂದೆ ಸರಿದು ಪ್ರೆಶರ್ ಪ್ಲೇಟಿನ ಬೆರಳುಗಳನ್ನು ಒತ್ತುತ್ತದೆ. ಹಿಡಿತ ಸಡಿಲವಾಗುತ್ತದೆ, ಗಿಯರ್ ಬದಲಿಸಲು ಅವಕಾಶವಾಗುತ್ತದೆ. ಕೂಡಿಸುವುದು ಹಾಗೂ ಬಿಡಿಸುವುದು, ಎರಡೂ ಅದರದೇ ಕೆಲಸ. ಎರಡರಲ್ಲಿ ಒಂದು ಕೆಟ್ಟರೂ ಗಾಡಿ ರಸ್ತೆಯ ಬದಿಗೆ ಬಂದು ನಿಲ್ಲುತ್ತದೆ.

ಅಕ್ಕಲಕೋಟೆ ತಾಲೂಕಿನ ಹಳ್ಳಿಯೊಂದರಲ್ಲಿ ಹೀಗೆ ನಿಂತದ್ದು ಟಾಟಾ 1210. ಅದರ ಹೆಸರೇ ಅದರ ಕಿರುಪರಿಚಯ. ಮೊದಲಿನ ಎರಡು ಅಂಕಿಗಳು ಭಾರ ಸೇರಿದ ಒಟ್ಟು ತೂಕ ಸುಮಾರು 12 ಟನ್ ಎಂದು ಹೇಳುತ್ತವೆ. ಕೊನೆಯ ಎರಡನ್ನು ಹತ್ತರಿಂದ ಗುಣಿಸಿದರೆ ಎಂಜಿನ್ನಿನ ಅಶ್ವಶಕ್ತಿ ಸುಮಾರಾಗಿ ಸಿಗುತ್ತದೆ. ಹೆಸರಿಡುವ ಈ ಕ್ರಮ ಜರ್ಮನಿಯಿಂದ ಬಂದದ್ದು. ಟಾಟಾ ಸಂಸ್ಥೆಯು 1954ರಲ್ಲಿ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಜಮ್ಶೆಡ್‌ಪುರದಲ್ಲಿ ಲಾರಿಗಳ ತಯಾರಿಕೆ ಆರಂಭಿಸಿತು. ಆ ಒಪ್ಪಂದ 1969ರಲ್ಲಿ ಮುಗಿಯಿತು. ಬೆಂಜಿನ ನಕ್ಷತ್ರ ಗಾಡಿಯ ಮುಂಭಾಗದಿಂದ ಹೋಯಿತು, ಹೆಸರಿನ ಲೆಕ್ಕ ಮಾತ್ರ ಉಳಿಯಿತು. ಎತ್ತಿನ ಬಂಡಿ ಹೋಗಿ ಲಾರಿ ಬಂದ ಕಾಲದಲ್ಲಿ ಎಷ್ಟೋ ಊರುಗಳ ಸಂತೆಗೆ ಮೊದಲು ಬಂದದ್ದು ಈ ಬಗೆಯ ಗಾಡಿಗಳೇ.

ಈ ಲಾರಿಯ ಯಜಮಾನನೇ ಅದರ ಚಾಲಕ, ಅರವತ್ತು ದಾಟಿದವನು. ಬೇಸಿಗೆಯಲ್ಲಿ ಇಟ್ಟಿಗೆ, ಮಳೆಗಾಲದಲ್ಲಿ ಗೊಬ್ಬರ, ಚಳಿಗಾಲದಲ್ಲಿ ತೊಗರಿ. ವರ್ಷದ ಗಳಿಕೆ ನಿಂತಿರುವುದು ತೊಗರಿಯ ಮೇಲೆ. ದುಧನಿಯ ಮಾರುಕಟ್ಟೆಯಲ್ಲಿ ಚೀಲ ತುಂಬಿಕೊಂಡು ಗಡಿ ದಾಟಿ ಕಲಬುರಗಿಯ ಬೇಳೆ ಗಿರಣಿಗಳಿಗೆ ಮುಟ್ಟಿಸಬೇಕು. ಡಿಸೆಂಬರಿನಿಂದ ಎರಡು ಮೂರು ತಿಂಗಳು ಈ ಓಟ ಚೆನ್ನಾಗಿ ನಡೆದರೆ ತೆರಿಗೆ, ವಿಮೆ, ವರ್ಷಕ್ಕೊಮ್ಮೆ ಮಾಡಿಸಬೇಕಾದ ಫಿಟ್‌ನೆಸ್ಸು, ಟೈರು, ಮನೆಯ ಖರ್ಚು ಎಲ್ಲವೂ ಹೇಗೋ ಸರಿದೂಗುತ್ತವೆ. ಲಾರಿ ನಿಂತರೆ ನಾಲ್ವರು ಹಮಾಲರ ಕೂಲಿಯೂ ನಿಲ್ಲುತ್ತದೆ. ವ್ಯಾಪಾರಿಯು ಎರಡು ದಿನ ಕಾಯುತ್ತಾನೆ. ಮೂರನೆಯ ದಿನ ಬೇರೆ ಗಾಡಿಯನ್ನು ಕರೆಯುತ್ತಾನೆ.

ತೊಗರಿಯ ರಾಶಿ ಆರಂಭವಾದ ವಾರದಲ್ಲಿಯೇ ಕ್ಲಚ್ಚು ಜಾರಲಾರಂಭಿಸಿತು. ಏರಿನಲ್ಲಿ ಎಂಜಿನ್ನಿನ ಸದ್ದು ಏರುತ್ತಿತ್ತು, ವೇಗ ಏರುತ್ತಿರಲಿಲ್ಲ. ಕ್ಯಾಬಿನ್ನಿನೊಳಗೆ ಸುಟ್ಟ ವಾಸನೆ ಬರುತ್ತಿತ್ತು. ಊರ ಹೊರಗಿನ ಗ್ಯಾರೇಜಿನ ಮಿಸ್ತ್ರಿಯು ಮೊದಲು ಪೆಡಲಿನ ಸಡಿಲವನ್ನು ನೋಡಿದನು. ತುಳಿದಾಗ ಮೊದಲ ಸ್ವಲ್ಪ ದೂರ ಪೆಡಲು ಬರಿದೇ ಇಳಿಯಬೇಕು. ಆ ಬಿಡುವು ಇಲ್ಲವಾದರೆ ಬೇರಿಂಗು ಸದಾ ಬೆರಳುಗಳನ್ನು ಒತ್ತಿಕೊಂಡೇ ಇರುತ್ತದೆ. ಚಾಲಕನು ಕಾಲೆತ್ತಿದರೂ ಕ್ಲಚ್ಚು ಪೂರ್ತಿ ಹಿಡಿಯುವುದಿಲ್ಲ. ತಿರುಪು ತಿರುಗಿಸಿ ಬಿಡುವು ಕೊಟ್ಟು ನೋಡಿದರೂ ಜಾರುವುದು ನಿಲ್ಲಲಿಲ್ಲ.

‘ಎಂಜಿನ್ ಓಡ್ಲಿಕತ್ತದ ಕಾಕಾ, ಗಾಡಿ ಓಡವಲ್ದು. ಪ್ಲೇಟ್ ಮುಗಿದದ’ ಎಂದನು ಮಿಸ್ತ್ರಿ.

ಸಮಯ ಉಳಿಸಬೇಕೆಂದು ಕೆಲಸವನ್ನು ಹಂಚಿಕೊಂಡರು. ಮಿಸ್ತ್ರಿಯು ಗಿಯರ್‌ಬಾಕ್ಸ್ ಇಳಿಸುವಷ್ಟರಲ್ಲಿ ಯಜಮಾನನು ಸೋಲಾಪುರದಿಂದ ಪ್ಲೇಟು ತರುವುದೆಂದು ಗೊತ್ತಾಯಿತು. ಸೋಲಾಪುರದ ಅಂಗಡಿಯೊಂದರಲ್ಲಿ ಅವನು ಗಾಡಿಯ ಹೆಸರು ಹೇಳಿದನು. ಹಳೆಯದು ಎಲ್ಲಿ ಎಂಬ ಪ್ರಶ್ನೆ ಅಲ್ಲಿಯೂ ಬಂತು. ಅದು ಗಾಡಿಯೊಳಗೇ ಇದೆ ಎಂದಾಗ, ಹೆಸರಿನ ಆಧಾರದ ಮೇಲೆಯೇ ಪ್ಲೇಟು ಕೊಟ್ಟು, ‘ಗ್ರೀಸ್ ತಾಗದಿದ್ದರೆ ವಾಪಸು ತಗೋತೀವಿ’ ಎಂದು ಮರಾಠಿಯಲ್ಲಿ ಹೇಳಿ ಕಳಿಸಿದರು.

ಆ ಮಾತು ಕೆಲಸಕ್ಕೆ ಬಂತು. ಪ್ಲೇಟಿನ ಹೊರ ಅಳತೆ 310 ಮಿಲಿಮೀಟರ್. ಹಳೆಯದೂ ಅಷ್ಟೇ ಇತ್ತು. ನಡುವಿನ ತೂತಿನಲ್ಲಿ ಹತ್ತು ಹಲ್ಲು, ಹಳೆಯದರಲ್ಲಿಯೂ ಹತ್ತೇ. ಮಿಸ್ತ್ರಿಯು ಶಾಫ್ಟನ್ನು ಬಟ್ಟೆಯಿಂದ ಒರೆಸಿ ಹೊಸ ಪ್ಲೇಟನ್ನು ಅದರ ತುದಿಗೆ ಹಿಡಿದರೆ ಒಳಗೆ ಹೋಗಲೊಲ್ಲದು. ಹಲ್ಲುಗಳ ಸಂಖ್ಯೆ ಒಂದೇ ಆಗಿದ್ದರೂ ಹೊಸದರ ತೂತು ಮೂರು ಮಿಲಿಮೀಟರ್ ಚಿಕ್ಕದು. ಮಿಸ್ತ್ರಿಯು ಗಿಯರ್‌ಬಾಕ್ಸಿನ ಮೈಮೇಲಿನ ಜಿಡ್ಡನ್ನು ಕೆರೆದು, ಅದರ ಅಚ್ಚನ್ನು ನೋಡಿ, ‘ಕಾಕಾ, ಇದು ನಿಮ್ಮ ಗಾಡಿದಲ್ಲ’ ಎಂದನು.

ಅದು ನಿಜವೇ ಆಗಿತ್ತು. ಹಲವು ವರ್ಷಗಳ ಹಿಂದೆ ದಾರಿಯಲ್ಲಿ ಗಿಯರಿನ ಹಲ್ಲುಗಳು ಮುರಿದಾಗ, ಮುರಿದು ಬಿದ್ದಿದ್ದ ಬೇರೊಂದು ಮಾದರಿಯ ಲಾರಿಯಿಂದ ಗಿಯರ್‌ಬಾಕ್ಸ್ ತೆಗೆದು ಕೂಡಿಸಲಾಗಿತ್ತು. ಆಗಿನ ಮಿಸ್ತ್ರಿಯು ಅದಕ್ಕೆ ಹೊಂದುವ ಪ್ಲೇಟನ್ನೂ ಹುಡುಕಿ ಹಾಕಿದ್ದನು. ಅವನು ಈಗ ಇಲ್ಲ. ಅವನೊಂದಿಗೆ ಆ ಸಂಗತಿಯೂ ಹೋಯಿತು. ಗಾಡಿಯ ಆರ್‌ಸಿಯಲ್ಲಿ ಎಂಜಿನ್ನಿನ ಸಂಖ್ಯೆ ಇರುತ್ತದೆ, ಚಾಸಿಯ ಸಂಖ್ಯೆ ಇರುತ್ತದೆ. ಗಿಯರ್‌ಬಾಕ್ಸಿನ ಇತಿಹಾಸವನ್ನು ಬರೆಯಲು ಅಲ್ಲಿ ಜಾಗವಿಲ್ಲ. ಕಾಗದದ ಮೇಲೆ ಅದು 1210 ಆಗಿಯೇ ಉಳಿದಿತ್ತು. ಒಳಗೆ ಯಾವಾಗಲೋ ಬೇರೆಯಾಗಿತ್ತು.

ಹಳೆಯ ಪ್ಲೇಟಿಗೆ ಹೊಸ ಲೈನಿಂಗ್ ಹೊಡೆಸುವ ಹಾದಿ ಒಂದಿದೆ. ಸವೆದ ಲೈನಿಂಗನ್ನು ರಿವೆಟ್ ಕತ್ತರಿಸಿ ತೆಗೆದು, ಹೊಸದನ್ನು ಕೂಡಿಸಿ, ಪ್ಲೇಟು ಸಮತಲವಾಗಿ ತಿರುಗುತ್ತದೆಯೇ ಎಂದು ಪರೀಕ್ಷಿಸುವ ಕುಶಲಿಗರು ದೊಡ್ಡ ಪಟ್ಟಣಗಳಲ್ಲಿ ಇನ್ನೂ ಇದ್ದಾರೆ. ಆದರೆ ಇಲ್ಲಿ ನಡುವಿನ ಹಲ್ಲುಗಳೇ ಸವೆದು ಮೊನಚಾಗಿದ್ದವು. ಧಕ್ಕೆಯನ್ನು ತಡೆಯುವ ಚಿಕ್ಕ ಸ್ಪ್ರಿಂಗುಗಳಲ್ಲಿ ಎರಡು ತಮ್ಮ ಮನೆಯಲ್ಲಿ ಗಲಗಲ ಎನ್ನುತ್ತಿದ್ದವು. ಅಂಥದಕ್ಕೆ ಹೊಸ ಲೈನಿಂಗ್ ಹೊಡೆಸುವುದು ಹರಿದ ಅಂಗಿಗೆ ಹೊಸ ಗುಂಡಿ ಹಚ್ಚಿದಂತೆ.

ಇನ್ನೊಂದು ಹಾದಿಯನ್ನು ಲೇಥ್ ಅಂಗಡಿಯವನು ಸೂಚಿಸಿದನು. ಹಳೆಯದರ ನಡುವಿನ ತುಂಡನ್ನು ಕತ್ತರಿಸಿ ಹೊಸ ಪ್ಲೇಟಿಗೆ ಬೆಸುಗೆ ಹಾಕಬಹುದು. ಸಂಜೆಯೊಳಗೆ ಕೆಲಸ ಮುಗಿಯುತ್ತದೆ. ಮೂರು ದಿನ ನಿಂತ ಗಾಡಿಯ ಯಜಮಾನನಿಗೆ ಈ ಮಾತು ಹಿತವಾಗಿ ಕೇಳಿದ್ದರೆ ಆಶ್ಚರ್ಯವಿಲ್ಲ. ಮಿಸ್ತ್ರಿ ಒಪ್ಪಲಿಲ್ಲ. ಬೆಸುಗೆಯ ಕಾವಿಗೆ ತೆಳುವಾದ ಉಕ್ಕು ಸೊಟ್ಟಗಾಗುತ್ತದೆ, ತೂಕದ ಸಮತೋಲ ತಪ್ಪುತ್ತದೆ. ಈ ಪ್ಲೇಟು ಎಂಜಿನ್ನಿನ ಜೊತೆಗೆ ನಿಮಿಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ವಸ್ತು. ಆ ವೇಗದಲ್ಲಿ ಸಿಡಿದರೆ ಚೂರುಗಳು ಹಾರುವುದು ಚಾಲಕನ ಕಾಲಿನ ಬಳಿಯಲ್ಲಿಯೇ.

‘ಗಾಡಿ ನಿಂತ್ರ ತಿಂಗಳದಾಗ ಎದ್ದೀತು. ನಿಮ್ಮ ಕಾಲ್ ಹೋದ್ರ ಏನ್ ಮಾಡೂದ್ರಿ?’ ಎಂದನು. ಯಜಮಾನನು ಮರುಮಾತನಾಡಲಿಲ್ಲ.

ಮನೆಯಲ್ಲಿ ಮಾತು ಬೇರೆಯೇ ದಿಕ್ಕಿಗೆ ತಿರುಗಿತು. ಮಗನು ಸೋಲಾಪುರದಲ್ಲಿ ಕೆಲಸದಲ್ಲಿರುವವನು. ಅವನ ಶಾಲೆಯೆಲ್ಲ ಮರಾಠಿಯಲ್ಲಿ ನಡೆದಿತ್ತು. ಮನೆಯ ಮಾತು ಕನ್ನಡ.

‘ಅಪ್ಪಾ, ಭಂಗಾರಕ್ಕ ಹಾಕೂಣು. ಎಷ್ಟಂತ ಕೂಡಸ್ತಿ?’ ಎಂದನು.

ಭಂಗಾರವೆಂದರೆ ಮರಾಠಿಯಲ್ಲಿ ಗುಜರಿ. ಕನ್ನಡದ ಬಂಗಾರಕ್ಕೂ ಇದಕ್ಕೂ ನಡುವೆ ಇರುವುದು ಒಂದು ಮಹಾಪ್ರಾಣ. ಗಡಿನಾಡಿನ ಆಡುಮಾತಿನಲ್ಲಿ ಮಹಾಪ್ರಾಣ ನಿಲ್ಲುವುದು ಕಡಿಮೆ. ಆದ್ದರಿಂದ ಆ ಮನೆಯಲ್ಲಿ ಅಂದು ಲಾರಿಯನ್ನು ಗುಜರಿಗೆ ಹಾಕುವ ಮಾತೂ ಬಂಗಾರದ ಮಾತೂ ಕಿವಿಗೆ ಒಂದೇ ಆಗಿ ಕೇಳಿಸಿತು. ತಾಯಿಯು ಒಳಗಿನಿಂದ, ‘ಬಂಗಾರ ಯಾಕ ಮಾರ್ತೀರಿ ಈಗ?’ ಎಂದು ಗಾಬರಿಯಾಗಿ ಹೊರಬಂದಳು. ಮೂವರೂ ನಕ್ಕರು. ಆದರೆ ಮಗನ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಹಳೆಯ ಗಾಡಿಯ ಫಿಟ್‌ನೆಸ್ ಶುಲ್ಕ ಏರಿದೆ, ಬಿಡಿಭಾಗ ಸಿಗುವುದು ಕಷ್ಟವಾಗಿದೆ, ತಂದೆಗೆ ವಯಸ್ಸಾಗಿದೆ. ತಂದೆಯ ಉತ್ತರವೂ ಲೆಕ್ಕದ್ದೇ. ಈ ಗಾಡಿಯ ಮೇಲೆ ಸಾಲವಿಲ್ಲ. ಹೊಸದನ್ನು ತಂದರೆ ತೊಗರಿ ಇರಲಿ, ಇಲ್ಲದಿರಲಿ, ತಿಂಗಳ ಕಂತು ತಪ್ಪದು. ಮಳೆ ಕೈಕೊಟ್ಟ ವರ್ಷಗಳಲ್ಲಿ ಮನೆಯನ್ನು ಉಳಿಸಿದ್ದು ಕಂತಿಲ್ಲದ ಈ ಗಾಡಿಯೇ. ಕೊನೆಗೆ ಇನ್ನೊಂದು ವಾರ ಹುಡುಕುವುದೆಂದೂ, ಸಿಗದಿದ್ದರೆ ಮಗನ ಮಾತಿನಂತೆ ಮಾಡುವುದೆಂದೂ ಒಪ್ಪಂದವಾಯಿತು.

ಎರಡನೆಯ ಸಲದ ಹುಡುಕಾಟ ಮೊದಲಿನಂತಿರಲಿಲ್ಲ. ಹಳೆಯ ಪ್ಲೇಟು ತೊಗರಿಯ ಖಾಲಿ ಚೀಲದೊಳಗೆ ಸೇರಿತು. ಸವೆದ ಹಲ್ಲಿನಿಂದ ನಿಜವಾದ ಅಳತೆ ತಿಳಿಯದೆಂದು ಮಿಸ್ತ್ರಿಯು ಶಾಫ್ಟಿನ ತುದಿಗೆ ತೆಳುವಾಗಿ ಗ್ರೀಸ್ ಹಚ್ಚಿ, ಅದರ ಮೇಲೆ ರಟ್ಟನ್ನು ಒತ್ತಿ ಅಚ್ಚು ತೆಗೆದನು. ಪಕ್ಕದಲ್ಲಿ ವರ್ನಿಯರಿನ ಅಳತೆಗಳನ್ನು ಬರೆದನು. ತಂದೆ ಮಗ ಇಬ್ಬರೂ ಸೋಲಾಪುರದ ಅಂಗಡಿಗಳ ಸಾಲಿನಲ್ಲಿ ಒಂದು ತುದಿಯಿಂದ ಕೇಳುತ್ತ ಹೋದರು. ಸೋಲಾಪುರವು ನೇಕಾರರ ಪಟ್ಟಣ. ಅಲ್ಲಿ ಮರಾಠಿಯ ಜೊತೆಗೆ ತೆಲುಗು, ಕನ್ನಡ, ದಖನಿ ಎಲ್ಲವೂ ಒಂದೇ ಬೀದಿಯಲ್ಲಿ ಬದುಕಿವೆ. ಮಗನು ಮರಾಠಿಯಲ್ಲಿ ಆರಂಭಿಸಿದ ಮಾತನ್ನು ಅಂಗಡಿಯವನು ತನ್ನ ಆಳಿಗೆ ತೆಲುಗಿನಲ್ಲಿ ದಾಟಿಸಿದರೆ, ಆಳು ಅಟ್ಟದ ಮೇಲಿಂದ ಕನ್ನಡದಲ್ಲಿ, ‘ಎಷ್ಟ್ ಹಲ್ಲ್ರೀ?’ ಎಂದು ಕೇಳುತ್ತಿದ್ದನು.

ಈ ಬೀದಿಯ ಪದಗಳು ಕನ್ನಡ ವಿದ್ಯಾರ್ಥಿಗೆ ಪರಕೀಯವೆನಿಸಬೇಕಾಗಿಲ್ಲ. ಸ್ಪ್ಯಾನರಿಗೆ ಇಲ್ಲಿಯ ಕನ್ನಡಿಗರು ಮರಾಠಿಯವರಂತೆ ಪಾನಾ ಎನ್ನುತ್ತಾರೆ. ಗಾಡಿಯ ಪಟ್ಟಿ ಸ್ಪ್ರಿಂಗಿಗೆ ಪಾಟಾ ಎನ್ನುತ್ತಾರೆ. ಇಂಗ್ಲಿಷಿನ ಕ್ಲಚ್ ಕೊನೆಗೊಂದು ಉಕಾರ ಪಡೆದು ಕ್ಲಚ್ಚು ಆಗುತ್ತದೆ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅಪಭ್ರಂಶಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟು, ಹೊರಗಿನಿಂದ ಬಂದ ಪದ ಕನ್ನಡದ ಬಾಯಿಗೆ ಹೇಗೆ ಹೊಂದುತ್ತದೆ ಎಂಬುದನ್ನು ನಿಯಮಗಳಲ್ಲಿ ಹಿಡಿದಿದ್ದಾನೆ. ಘಂಟೆ ಗಂಟೆಯಾಗುವ ದಾರಿಯಲ್ಲಿಯೇ ಭಂಗಾರವೂ ನಡೆದಿದೆ. ಆದರೆ ಗ್ಯಾರೇಜಿನಲ್ಲಿ ಪದಕ್ಕೆ ಇನ್ನೊಂದು ಪರೀಕ್ಷೆಯಿದೆ. ಪದ ಒಂದೇ ಆಗಿದ್ದು ವಸ್ತು ಬೇರೆಯಾದರೆ ನಷ್ಟ ಕೂಡಲೇ ಕಣ್ಣಿಗೆ ಬೀಳುತ್ತದೆ. ‘1210ರ ಪ್ಲೇಟು’ ಎಂಬ ಮಾತಿಗೆ ಆ ಬೀದಿಯಲ್ಲಿ ಆ ದಿನ ಮೂರು ವಸ್ತುಗಳು ಬಂದವು, ಮೂರೂ ಬೇಕಾದುದಲ್ಲ. ಒಂದರ ಹಲ್ಲು ಹೊಂದಿತು, ಹೊರ ಅಳತೆ 330 ಇದ್ದುದರಿಂದ ಪ್ರೆಶರ್ ಪ್ಲೇಟಿನೊಳಗೆ ಕೂರುವಂತಿರಲಿಲ್ಲ. ಇನ್ನೊಂದು ಹೊರಗೂ ಒಳಗೂ ಹೊಂದಿತು, ನಡುವಿನ ಗುಬ್ಬಿ ಮುಂದಕ್ಕೆ ಉದ್ದವಾಗಿತ್ತು. ಅದನ್ನು ಹಾಕಿದ್ದರೆ ಫ್ಲೈವೀಲಿನ ಬೋಲ್ಟುಗಳ ತಲೆಗೆ ಉಜ್ಜುತ್ತಿತ್ತು. ಮೂರನೆಯದು ಮೊದಲ ಸಲ ತಂದದ್ದರ ತಮ್ಮನೇ.

ಸಾಲಿನ ಕೊನೆಯ ಅಂಗಡಿಯ ಮುದುಕನು ರಟ್ಟಿನ ಮೇಲಿನ ಅಚ್ಚನ್ನು ಬಹಳ ಹೊತ್ತು ನೋಡಿದನು. ಆ ಅಳತೆಯ ಶಾಫ್ಟು ಯಾವ ಮಾದರಿಯಲ್ಲಿ ಬರುತ್ತಿತ್ತೆಂದು ಅವನಿಗೆ ನೆನಪಿತ್ತು. ತನ್ನಲ್ಲಿ ಆ ಮಾಲು ಇಲ್ಲವೆಂದು ಹೇಳಿ ಸುಮ್ಮನಾಗಬಹುದಾಗಿತ್ತು. ಹಾಗೆ ಮಾಡದೆ ಕಲಬುರಗಿಯ ಪರಿಚಯದ ಅಂಗಡಿಗೆ ಫೋನು ಮಾಡಿ ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದನು. ಆಚೆಯವರು ಹಳೆಯ ದಾಸ್ತಾನಿನಲ್ಲಿ ಎರಡಿವೆ ಎಂದರು. ಅವನು ಇವರಿಂದ ಒಂದು ರೂಪಾಯಿಯ ವ್ಯಾಪಾರವನ್ನೂ ಮಾಡಲಿಲ್ಲ. ಚಹಾ ಮಾತ್ರ ಅವನದೇ.

ಮರುದಿನ ಯಜಮಾನನು ದುಧನಿಯಲ್ಲಿ ರೈಲು ಹತ್ತಿ ಕಲಬುರಗಿಗೆ ಹೋದನು. ಅಲ್ಲಿ ಪೆಟ್ಟಿಗೆಯ ಮೇಲಿನ ಹೆಸರನ್ನು ಅವನು ನೋಡಲೇ ಇಲ್ಲ. ಹೊರ ಅಳತೆ, ಹಲ್ಲು, ತೂತು, ದಪ್ಪ, ಗುಬ್ಬಿಯ ಎತ್ತರ ಎಂದು ಮಿಸ್ತ್ರಿಯು ಬರೆದುಕೊಟ್ಟ ಐದೂ ಅಳತೆಗಳನ್ನು ಹಳೆಯದರ ಪಕ್ಕದಲ್ಲಿಟ್ಟು ಹೋಲಿಸಿದನು. ರಟ್ಟಿನ ಅಚ್ಚನ್ನು ಕತ್ತರಿಸಿ ತೂತಿನೊಳಗೆ ಕೂಡಿಸಿ ನೋಡಿದನು. ಎಲ್ಲವೂ ಹೊಂದಿತು. ಅಂಗಡಿಯವನು, ‘ಎರಡೂ ಒಯ್ರಿ, ಮುಂದ ಸಿಗಂಗಿಲ್ಲ’ ಎಂದನು. ಕೈಯಲ್ಲಿದ್ದ ಹಣ ಒಂದಕ್ಕೇ ಸಾಕಾಗುವಷ್ಟಿತ್ತು. ಇನ್ನೊಂದನ್ನು ತೊಗರಿಯ ಮೊದಲ ಖೇಪಿನ ಮೇಲೆ ಒಯ್ಯುವುದಾಗಿ ಹೇಳಿ ಅದರ ಮೇಲೆ ಗುರುತು ಹಾಕಿಸಿ ಬಂದನು.

ಕೂಡಿಸುವ ಕೆಲಸ ಒಂದೂವರೆ ದಿನ ಹಿಡಿಯಿತು. ಫ್ಲೈವೀಲಿನ ಮುಖದ ಮೇಲೆ ಕಾವಿನಿಂದ ಎದ್ದಿದ್ದ ಗೀರುಗಳನ್ನು ಲೇಥಿನಲ್ಲಿ ತೆಳುವಾಗಿ ಹೆರೆಸಲಾಯಿತು. ಬೆಸುಗೆಯ ಸಲಹೆ ಕೊಟ್ಟಿದ್ದವನೇ ಅದನ್ನು ಬಹಳ ಒಪ್ಪವಾಗಿ ಮಾಡಿಕೊಟ್ಟನು. ಗೂಡಿನೊಳಗಿನ ಹಳೆಯ ಧೂಳನ್ನು ಮಿಸ್ತ್ರಿಯು ಗಾಳಿಯಿಂದ ಊದಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದನು. ಹಿಂದಿನ ಪ್ಲೇಟಿನಲ್ಲಿ ಕಲ್ನಾರು ಇತ್ತೋ ಏನೋ ಯಾರು ಬಲ್ಲರು? ರಿಲೀಸ್ ಬೇರಿಂಗು ಹೊಸದಾಯಿತು. ಪ್ರೆಶರ್ ಪ್ಲೇಟಿನ ಮೂರು ಬೆರಳುಗಳ ಎತ್ತರವನ್ನು ಸಮ ಮಾಡಿದರು. ಒಂದು ಬೆರಳು ತಗ್ಗಿದ್ದರೂ ಪ್ಲೇಟು ಓರೆಯಾಗಿ ಬಿಟ್ಟು, ಗಾಡಿ ಹೊರಡುವಾಗ ನಡುಗುತ್ತದೆ. ಹಳೆಯ ಶಾಫ್ಟಿನ ತುಂಡೊಂದನ್ನು ಒಳಗಿಟ್ಟು ಪ್ಲೇಟನ್ನು ನಡುವಿಗೆ ತಂದ ಮೇಲೆಯೇ ಬೋಲ್ಟುಗಳನ್ನು ಬಿಗಿದರು. ಗಿಯರ್‌ಬಾಕ್ಸನ್ನು ಜಾಕಿನ ಮೇಲೆ ಎತ್ತಿ ಮುಂದಕ್ಕೆ ತಳ್ಳಿದಾಗ ಶಾಫ್ಟು ತಡೆಯಿಲ್ಲದೆ ತನ್ನ ಹಲ್ಲುಗಳಲ್ಲಿ ಸೇರಿತು. ಮಿಸ್ತ್ರಿಯು ಗಾಡಿಯ ಕೆಳಗಿನಿಂದಲೇ, ‘ಕುಂತು’ ಎಂದನು.

ವ್ಯಾಪಾರಿಯು ಅಷ್ಟರಲ್ಲಿ ಬೇರೆ ಗಾಡಿಗೆ ಮೂರು ಖೇಪು ಕೊಟ್ಟಿದ್ದನು. ಅವು ಹೋದವು, ಅವನ್ನು ಮರಳಿ ತರುವಂತಿರಲಿಲ್ಲ. ನಾಲ್ಕನೆಯದಕ್ಕೆ ಹಮಾಲರು 1210ರ ಹಿಂದೆಯೇ ಬಂದು ನಿಂತರು. ಚೀಲಗಳು ಏರಿದವು.

ಆ ಖೇಪಿಗೆ ಹೊರಡುವ ಮೊದಲು ಮಗನು ಒಂದು ಹಾಳೆಯ ಮೇಲೆ ಐದೂ ಅಳತೆಗಳನ್ನೂ, ಗಿಯರ್‌ಬಾಕ್ಸು ಯಾವ ಮಾದರಿಯದೆಂಬುದನ್ನೂ, ಯಾವ ವರ್ಷ ಕೂಡಿಸಿದ್ದೆಂಬುದನ್ನೂ ಬರೆದನು. ಅವನು ಮರಾಠಿಯಲ್ಲಿ ಬರೆದದ್ದನ್ನು ನೋಡಿ ಮಿಸ್ತ್ರಿಯು, ‘ತಮ್ಮಾ, ನನಗ ಕನ್ನಡ ಅಷ್ಟ ಓದಾಕ ಬರ್ತದ’ ಎಂದನು. ಮಗನಿಗೆ ಕನ್ನಡ ಆಡಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಮಿಸ್ತ್ರಿಯೇ ಪಕ್ಕದಲ್ಲಿ ಕನ್ನಡದಲ್ಲಿ ಬರೆದನು. ಒಂದೊಂದು ಪದ ಬರೆಯುವಾಗಲೂ ಮಗನು ಬಾಗಿ ಅಕ್ಷರಗಳನ್ನು ನೋಡಿದನು. ಅಂಕಿಗಳನ್ನು ಎರಡನೆಯ ಸಲ ಬರೆಯಬೇಕಾಗಲಿಲ್ಲ. ಯಜಮಾನನು ಹಾಳೆಯನ್ನು ಮಡಚಿ, ಆರ್‌ಸಿ ಇಟ್ಟಿದ್ದ ಪ್ಲಾಸ್ಟಿಕ್ ಚೀಲದೊಳಗೆ ಅದರ ಬೆನ್ನಿಗೆ ಸೇರಿಸಿದನು.